ಹೆರಿಗೆ ರಜೆಯ ಸಂಬಳದ ಹೊಣೆ ಯಾರದು: ಮಾಲೀಕರದೋ, ಸರ್ಕಾರದ್ದೋ?

ಪ್ರಶ್ನೆ (ಮೈಸೂರಿನಿಂದ, ಸಣ್ಣ ಉದ್ಯಮ ನಡೆಸುವವರು)

ಎಲ್ಲರಿಗೂ ನಮಸ್ಕಾರ. ಯಂತ್ರಗಳ ಬಿಡಿಭಾಗಗಳಿಗೆ ನಕ್ಷೆ ತಯಾರಿಸಿಕೊಡುವ ಒಂದು ಸಣ್ಣ ಕಚೇರಿಯನ್ನು ಒಂಬತ್ತು ವರ್ಷಗಳಿಂದ ಮೈಸೂರಿನಲ್ಲಿ ನಡೆಸುತ್ತಿದ್ದೇನೆ. ನಮ್ಮಲ್ಲಿ ಹದಿನಾಲ್ಕು ಮಂದಿ ಕೆಲಸ ಮಾಡುತ್ತಾರೆ. ಅವರಲ್ಲಿ ಆರು ಮಂದಿ ಹೆಣ್ಣುಮಕ್ಕಳು. ಕಳೆದ ವರ್ಷ ನಾಲ್ಕು ತಿಂಗಳ ಅಂತರದಲ್ಲಿ ಇಬ್ಬರು ಹೆರಿಗೆ ರಜೆಗೆ ಹೋದರು. ಇಬ್ಬರ ಸಂಬಳವೂ ತಿಂಗಳಿಗೆ 42,000 ರೂಪಾಯಿ, ಅಂದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಮಿತಿಯಾದ 21,000 ರೂಪಾಯಿಗಿಂತ ಮೇಲೆ. ಹೀಗಾಗಿ 26 ವಾರಗಳ ಪೂರ್ಣ ಸಂಬಳವನ್ನು ಕಾನೂನಿನಂತೆ ನಾನೇ ಕೊಡಬೇಕಿತ್ತು, ಕೊಟ್ಟೆ. ಇಬ್ಬರದೂ ಸೇರಿ ಐದು ಲಕ್ಷ ರೂಪಾಯಿ ದಾಟಿತು. ಅವರ ಜಾಗಕ್ಕೆ ತಾತ್ಕಾಲಿಕವಾಗಿ ತೆಗೆದುಕೊಂಡವರ ಸಂಬಳ ಬೇರೆ.

ಕೊಟ್ಟದ್ದಕ್ಕೆ ನನಗೆ ಕಿಂಚಿತ್ತೂ ಬೇಸರವಿಲ್ಲ. ನನಗೂ ಇಬ್ಬರು ಮಕ್ಕಳಿದ್ದಾರೆ, ಬಾಣಂತನವೆಂದರೆ ಏನೆಂದು ಬಲ್ಲೆ. ನನ್ನನ್ನು ಕಾಡುತ್ತಿರುವುದು ಆಮೇಲೆ ನಡೆದದ್ದು. ಈ ವರ್ಷ ಹೊಸ ಹುದ್ದೆಯೊಂದಕ್ಕೆ ಸಂದರ್ಶನ ಮಾಡುವಾಗ, ಎಲ್ಲರಿಗಿಂತ ಚೆನ್ನಾಗಿ ಉತ್ತರಿಸಿದವಳು ಆಗಷ್ಟೇ ಮದುವೆಯಾಗಿದ್ದ ಇಪ್ಪತ್ತೇಳರ ಹುಡುಗಿ. ಅವಳ ಕೊರಳಿನ ಕರಿಮಣಿಯನ್ನು ಕಂಡ ಕ್ಷಣವೇ ನನ್ನ ಮನಸ್ಸಿನಲ್ಲಿ ಆ ಐದು ಲಕ್ಷದ ಲೆಕ್ಕ ಎದ್ದು ನಿಂತಿತು. ಕೆಲಸವನ್ನು ಅವಳಿಗೇ ಕೊಟ್ಟೆ. ಆದರೂ, ಹೆಣ್ಣಾಗಿ, ತಾಯಿಯಾಗಿ ನನಗೇ ಆ ಲೆಕ್ಕ ಹೊಳೆಯಿತೆಂದರೆ ಉಳಿದ ಮಾಲೀಕರ ಮನಸ್ಸಿನಲ್ಲಿ ಏನು ನಡೆಯುತ್ತಿರಬಹುದು ಎಂಬ ಯೋಚನೆ ಬಿಟ್ಟುಹೋಗಿಲ್ಲ. ನಮ್ಮ ಉದ್ಯಮದವರೇ ಆದ ಹಿರಿಯರೊಬ್ಬರು, ‘ಮಕ್ಕಳು ದೊಡ್ಡವರಾಗಿರುವ ಹೆಂಗಸರನ್ನೋ ಗಂಡಸರನ್ನೋ ನೋಡಿ ತೆಗೆದುಕೊಳ್ಳಮ್ಮ’ ಎಂದು ನನ್ನ ಒಳಿತಿಗೆಂದೇ ಬುದ್ಧಿ ಹೇಳಿದರು.

2018ರ ನವೆಂಬರಿನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯವು ಒಂದು ಪ್ರೋತ್ಸಾಹಧನ ಯೋಜನೆಯನ್ನು ಪರಿಶೀಲಿಸುತ್ತಿರುವುದಾಗಿ ತಿಳಿಸಿತ್ತು. 15,000 ರೂಪಾಯಿವರೆಗೆ ಸಂಬಳವಿರುವ ಮಹಿಳೆಯರಿಗೆ 26 ವಾರಗಳ ರಜೆ ಕೊಡುವ ಮಾಲೀಕರಿಗೆ ಏಳು ವಾರಗಳ ವೇತನವನ್ನು ಸರ್ಕಾರ ಮರಳಿಸುವುದು, ಅದಕ್ಕೆ ವರ್ಷಕ್ಕೆ ಸುಮಾರು 400 ಕೋಟಿ ರೂಪಾಯಿ ತಗಲುವುದು ಎಂಬುದು ಆಗಿನ ಅಂದಾಜು. ಅಗತ್ಯ ಅನುಮೋದನೆಗಳು ಇನ್ನೂ ದೊರೆತಿಲ್ಲವೆಂದು ಸಚಿವಾಲಯವೇ ಅದೇ ಪ್ರಕಟಣೆಯಲ್ಲಿ ಸ್ಪಷ್ಟಪಡಿಸಿತ್ತು. ಆ ವಿಚಾರ ಅಲ್ಲಿಗೇ ನಿಂತಿತು.

ನನ್ನ ಪ್ರಶ್ನೆ ಇಷ್ಟು: ಈ ವೆಚ್ಚವನ್ನು ಸರ್ಕಾರ, ಅಥವಾ ಎಲ್ಲರೂ ಸೇರಿ ಕಟ್ಟುವ ಒಂದು ನಿಧಿ, ಭರಿಸುವುದು ನ್ಯಾಯವೇ? ನ್ಯಾಯವೆಂದಾದರೆ ಅದು ನಮ್ಮಲ್ಲಿ ನಡೆಯಬಲ್ಲದೇ? ಅಪ್ಪಂದಿರನ್ನೂ ಅದರಲ್ಲಿ ಸೇರಿಸಬೇಕೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.


ಉತ್ತರ 1 (ಬೆಂಗಳೂರಿನಿಂದ, ಕಾರ್ಮಿಕ ಕಾನೂನು ಸಲಹೆಗಾರರು)

ನಿಮ್ಮ ಮನಸ್ಸಿನಲ್ಲಿ ಎದ್ದ ಲೆಕ್ಕದ ಬಗ್ಗೆ ನೀವು ನಾಚಿಕೊಳ್ಳಬೇಕಾಗಿಲ್ಲ, ಮೇಡಂ. ಆ ಲೆಕ್ಕವನ್ನು ನಿಮ್ಮ ತಲೆಯೊಳಗೆ ಇಟ್ಟದ್ದು ಕಾನೂನಿನ ರಚನೆ. ಒಂದೇ ದೇಶದಲ್ಲಿ, ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಕಾರ್ಖಾನೆಯಲ್ಲಿ ನಾವು ಎರಡು ಬಗೆಯ ಹೆರಿಗೆ ರಜೆಯನ್ನು ಇಟ್ಟುಕೊಂಡಿದ್ದೇವೆ ಎಂಬುದನ್ನು ಬಹಳ ಮಂದಿ ಗಮನಿಸಿಲ್ಲ.

ಇಎಸ್‌ಐ ವ್ಯಾಪ್ತಿಗೆ ಒಳಪಟ್ಟ ಸಂಸ್ಥೆಯಲ್ಲಿ 21,000 ರೂಪಾಯಿವರೆಗೆ ಸಂಬಳ ಪಡೆಯುವ ಮಹಿಳೆ ಹೆರಿಗೆಗೆ ಹೋದರೆ, 26 ವಾರಗಳ ಪೂರ್ಣ ವೇತನವನ್ನು ಇಎಸ್‌ಐ ನಿಗಮ ಕೊಡುತ್ತದೆ. ಆ ಹಣ ಬರುವುದು ಎಲ್ಲ ಮಾಲೀಕರೂ ಎಲ್ಲ ನೌಕರರೂ ತಿಂಗಳು ತಿಂಗಳು ಕಟ್ಟುವ ವಂತಿಗೆಯಿಂದ. 2019ರ ಜುಲೈನಿಂದ ಮಾಲೀಕರ ಪಾಲು ಸಂಬಳದ ಶೇ. 3.25, ನೌಕರರ ಪಾಲು ಶೇ. 0.75. ಗಂಡಸರನ್ನು ಮಾತ್ರ ಇಟ್ಟುಕೊಂಡವರೂ ಅಷ್ಟೇ ಕಟ್ಟುತ್ತಾರೆ, ಹೆಂಗಸರನ್ನು ಮಾತ್ರ ಇಟ್ಟುಕೊಂಡವರೂ ಅಷ್ಟೇ ಕಟ್ಟುತ್ತಾರೆ. ಹಾಗಾಗಿ ಗಾರ್ಮೆಂಟ್ಸ್ ಮಾಲೀಕರು ಹೊಸದಾಗಿ ಮದುವೆಯಾದ ಹೆಣ್ಣುಮಗಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗ ರಜೆಯ ಸಂಬಳದ ಲೆಕ್ಕ ಹಾಕಬೇಕಾಗಿಲ್ಲ.

21,000 ದಾಟಿದ ಕ್ಷಣ ಆ ಮಹಿಳೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತಿದ್ದಳು. ಅಲ್ಲಿ ಪೂರ್ಣ ಹೊಣೆ ಒಬ್ಬ ಮಾಲೀಕರದು. 2017ರ ತಿದ್ದುಪಡಿ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು, 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವಲ್ಲಿ ಶಿಶುವಿಹಾರವನ್ನೂ ಕಡ್ಡಾಯ ಮಾಡಿತು. ಹಣ ಎಲ್ಲಿಂದ ಬರಬೇಕೆಂಬ ಪ್ರಶ್ನೆಯನ್ನು ಮಾತ್ರ ಮುಟ್ಟಲಿಲ್ಲ. 2025ರ ನವೆಂಬರ್ 21ರಂದು ಆ ಕಾಯ್ದೆಯ ಬದಲಿಗೆ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಈ ವ್ಯವಸ್ಥೆಯನ್ನು ಹಾಗೆಯೇ ಮುಂದುವರಿಸಿದೆ.

ಇದು ಹೊಸ ಚರ್ಚೆಯೇನೂ ಅಲ್ಲ. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆಯ ಚರ್ಚೆ ನಡೆದಾಗ ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಯ ಮುಂಚೆಯೂ ನಂತರವೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತಕ್ಕೆ ಸಂಬಂಧಿಸಿದ್ದು, ಜನರ ಕ್ಷೇಮ ಮೂಲತಃ ಸರ್ಕಾರದ ಹೊಣೆ, ಆದ್ದರಿಂದ ಇದರ ಭಾರವನ್ನು ಬಹುಮಟ್ಟಿಗೆ ಸರ್ಕಾರವೇ ಹೊರಬೇಕು ಎಂಬುದನ್ನು ಅವರು ಒಪ್ಪಿಕೊಂಡರು. ಹಾಗೆಂದು ಆ ಹೆಂಗಸರ ದುಡಿಮೆಯಿಂದ ಲಾಭ ಪಡೆಯುವ ಮಾಲೀಕರು ಹೊಣೆಯಿಂದ ಪೂರ್ತಿಯಾಗಿ ಜಾರಿಕೊಳ್ಳುವಂತಿಲ್ಲ ಎಂದೂ ವಾದಿಸಿದರು. ಮರುವರ್ಷ ಆ ಕಾಯ್ದೆ ಬಂದಿತು. ಸುಮಾರು ನೂರು ವರ್ಷ ಕಳೆದರೂ ಮಾಲೀಕರ ಹೊಣೆ ಉಳಿದುಕೊಂಡಿದೆ, ಸರ್ಕಾರದ ಪಾಲಿನ ಮಾತು ಅಲ್ಲಿಯೇ ನಿಂತಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ 183ನೇ ಒಡಂಬಡಿಕೆ ಹೆರಿಗೆ ವೇತನವು ಸಾಮಾಜಿಕ ವಿಮೆಯಿಂದ ಅಥವಾ ಸಾರ್ವಜನಿಕ ನಿಧಿಯಿಂದ ಬರಬೇಕೆಂದು ಹೇಳುತ್ತದೆ. ಒಬ್ಬೊಬ್ಬ ಮಾಲೀಕರ ತಲೆಗೆ ಕಟ್ಟಿದರೆ ಹೆಂಗಸರಿಗೆ ಕೆಲಸ ಸಿಗುವುದೇ ಕಷ್ಟವಾಗುತ್ತದೆ ಎಂಬ ಅನುಭವವೇ ಅದಕ್ಕೆ ಕಾರಣ. ಭಾರತ ಅದನ್ನು ಅನುಮೋದಿಸಿಲ್ಲ.

ವೆಚ್ಚ ಎಷ್ಟಾದೀತು ಎಂಬುದಕ್ಕೆ ಒಂದು ಸರಳ ಲೆಕ್ಕ ಕೊಡುತ್ತೇನೆ. ಇದು ನನ್ನ ಅಂದಾಜು, ಯಾವ ವರದಿಯದೂ ಅಲ್ಲ. ಒಬ್ಬ ಮಹಿಳೆ 35 ವರ್ಷ ದುಡಿದು ಎರಡು ಸಲ 26 ವಾರಗಳ ರಜೆ ಪಡೆದರೆ, ಅದು 35 ವರ್ಷದಲ್ಲಿ ಒಂದು ವರ್ಷ. ಅಂದರೆ ಅವಳ ಒಟ್ಟು ದುಡಿಮೆಯ ಶೇ. 3ಕ್ಕಿಂತ ಸ್ವಲ್ಪ ಕಡಿಮೆ. ಸಂಘಟಿತ ವಲಯದಲ್ಲಿ ಹೆಂಗಸರು ನಾಲ್ಕರಲ್ಲಿ ಒಬ್ಬರು ಎಂದು ಹಿಡಿದರೆ, ಎಲ್ಲರ ಸಂಬಳದ ಮೇಲೆ ಹಂಚಿದಾಗ ಶೇ. 0.7ರಷ್ಟಾಗುತ್ತದೆ. ಅಪ್ಪಂದಿರಿಗೆ ಪ್ರತಿ ಮಗುವಿಗೆ ನಾಲ್ಕು ವಾರ ಸೇರಿಸಿದರೂ ಒಟ್ಟು ಶೇ. 1ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ನಿಮಗೆ ಒಂದೇ ವರ್ಷದಲ್ಲಿ ಐದು ಲಕ್ಷದ ಹೊಡೆತವಾಗಿ ಬಂದದ್ದು, ಎಲ್ಲರೂ ಹಂಚಿಕೊಂಡಾಗ ನೂರು ರೂಪಾಯಿಗೆ ಒಂದು ರೂಪಾಯಿಯ ವಂತಿಗೆಯಾಗುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಸಂಬಳದ ಮಿತಿಯಿಲ್ಲದೆ ಎಲ್ಲ ನೌಕರರನ್ನೂ ಒಳಗೊಳ್ಳುವ ಒಂದು ಪೋಷಕ ರಜೆ ನಿಧಿ ಬೇಕು. ಬೇರೆ ಕಚೇರಿ ಕಟ್ಟುವ ಅಗತ್ಯವಿಲ್ಲ, ಇಎಸ್‌ಐಯ ಹೆರಿಗೆ ಭಾಗವನ್ನಷ್ಟೇ ಮೇಲಿನ ಸಂಬಳದವರಿಗೂ ವಿಸ್ತರಿಸಿದರೆ ಸಾಕು.


ಉತ್ತರ 2 (ಧಾರವಾಡದಿಂದ, ನಿವೃತ್ತ ಲೆಕ್ಕಪತ್ರ ಅಧಿಕಾರಿ)

ಮೇಲಿನವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ‘ಸರ್ಕಾರ ಕೊಡಬೇಕು’ ಎಂಬ ಮಾತು ಬಂದಾಗಲೆಲ್ಲ ನಾನು ಕೇಳುವ ಮೊದಲ ಪ್ರಶ್ನೆ, ಯಾರಿಗೆ ಎಂಬುದು. ಮೂವತ್ತು ವರ್ಷ ಸರ್ಕಾರಿ ಲೆಕ್ಕಪತ್ರ ನೋಡಿದವನ ರೂಢಿ ಇದು, ತಪ್ಪು ತಿಳಿಯಬೇಡಿ.

ನಾನು ಕೆಲಸದಲ್ಲಿದ್ದಾಗ ನಮ್ಮ ಕಚೇರಿಯ ಹೆಣ್ಣುಮಕ್ಕಳಿಗೆ 180 ದಿನಗಳ ಹೆರಿಗೆ ರಜೆ ಇತ್ತು, ಅಪ್ಪಂದಿರಿಗೆ 15 ದಿನ ಇತ್ತು. 2021ರಲ್ಲಿ ರಾಜ್ಯ ಸರ್ಕಾರ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆಯನ್ನೂ ಸೇರಿಸಿತು. ಕೇಂದ್ರದವರಿಗೆ ಅದು 730 ದಿನ. ಇದೆಲ್ಲ ಈಗಾಗಲೇ ತೆರಿಗೆದಾರರ ಹಣದಿಂದಲೇ ನಡೆಯುತ್ತಿದೆ. ಅಂದರೆ ಸರ್ಕಾರ ವೆಚ್ಚ ಭರಿಸುವ ಪೋಷಕ ರಜೆ ನಮ್ಮ ದೇಶದಲ್ಲಿ ಆಗಲೇ ಇದೆ, ಸರ್ಕಾರದ ನೌಕರರಿಗೆ ಮಾತ್ರ ಇದೆ.

ಇನ್ನೊಂದು ತುದಿಯನ್ನು ನೋಡಿ. ನಮ್ಮ ದುಡಿಯುವ ಜನರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಅಸಂಘಟಿತರು. ನವಲಗುಂದದ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಹೆಣ್ಣುಮಗಳಿಗೆ ಮಾಲೀಕ ಎಂಬ ಒಬ್ಬ ವ್ಯಕ್ತಿ ಇಲ್ಲ. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಅವಳಿಗೆ ಇರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿ, ಅದೂ ಮೊದಲ ಮಗುವಿಗೆ. ಎರಡನೆಯದು ಹೆಣ್ಣಾದರೆ 6,000. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಐದು ಸಾವಿರವನ್ನು ಅದರಿಂದ ಭಾಗಿಸಿದರೆ ಹದಿಮೂರೂವರೆ ದಿನದ ಕೂಲಿ. ನಿಮ್ಮ ಡಿಸೈನರ್‌ಗೆ 182 ದಿನ, ಅವಳಿಗೆ ಹದಿಮೂರೂವರೆ ದಿನ. ಬಾಣಂತಿಯ ಮೈ ಇಬ್ಬರದೂ ಒಂದೇ.

2013ರ ಆಹಾರ ಭದ್ರತಾ ಕಾಯ್ದೆ ಪ್ರತಿ ಗರ್ಭಿಣಿಗೆ ಕನಿಷ್ಠ 6,000 ರೂಪಾಯಿ ಎಂದು ಹೇಳಿತು. ಆ ಆರು ಸಾವಿರ ಇಂದಿಗೂ ಆರು ಸಾವಿರವಾಗಿಯೇ ಇದೆ, ಅಕ್ಕಿ ಬೇಳೆ ಎಣ್ಣೆ ಯಾವುದೂ ಆಗಿನ ಬೆಲೆಯಲ್ಲಿ ಇಲ್ಲ. ಪಕ್ಕದ ತಮಿಳುನಾಡು ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ನಗದು ಮತ್ತು ಪೌಷ್ಟಿಕ ಆಹಾರದ ಕಿಟ್ ಸೇರಿ 18,000 ರೂಪಾಯಿ ಕೊಡುತ್ತದೆ. ನಮ್ಮಲ್ಲಿ ಮಾತೃಪೂರ್ಣದ ಬಿಸಿಯೂಟ ಇದೆ, ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳು ತೆರೆದಿವೆ, ಅವೆರಡನ್ನೂ ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಊಟವೂ ಕೂಸಿನ ಮನೆಯೂ ಕೂಲಿಯ ಜಾಗವನ್ನು ತುಂಬಲಾರವು. ಕೈಯಲ್ಲಿ ಕಾಸಿಲ್ಲದವಳು ನಲವತ್ತು ದಿನಕ್ಕೇ ಹೊಲಕ್ಕೆ ಇಳಿಯುತ್ತಾಳೆ.

ಆದ್ದರಿಂದ ತೆರಿಗೆಯ ಹಣ ಮೊದಲು ಹೋಗಬೇಕಾದದ್ದು ಮಾಲೀಕರಿಲ್ಲದ ತಾಯಿಗೆ. ಸಂಬಳಕ್ಕೆ ತಕ್ಕಷ್ಟು ರಜೆ ವೇತನವನ್ನು ತೆರಿಗೆಯಿಂದ ಕೊಟ್ಟರೆ, ಹೆಚ್ಚು ಸಂಬಳದವರಿಗೆ ಹೆಚ್ಚು, ಏನೂ ಇಲ್ಲದವರಿಗೆ ಏನೂ ಇಲ್ಲ ಎಂದಾಗುತ್ತದೆ. ಉಪ್ಪು, ಸೋಪು, ಬೆಂಕಿಪೆಟ್ಟಿಗೆ ಕೊಳ್ಳುವಾಗ ಹಾದಿಯಲ್ಲಿ ಎಲ್ಲೋ ತೆರಿಗೆ ಕಟ್ಟುವ ಆ ಕೂಲಿ ಹೆಣ್ಣುಮಗಳೇ ಲಕ್ಷ ರೂಪಾಯಿ ಸಂಬಳದವರ ರಜೆಗೆ ಹಣ ಒದಗಿಸಿದ ಹಾಗಾಗುತ್ತದೆ. ಸಂಬಳದವರು ತಮ್ಮೊಳಗೆ ವಂತಿಗೆ ಹಾಕಿಕೊಂಡು ನಿಧಿ ಮಾಡಿಕೊಳ್ಳುವುದಾದರೆ ನನ್ನ ತಕರಾರಿಲ್ಲ.

ಇನ್ನೂ ಒಂದು ಎಚ್ಚರಿಕೆ. ನಿಧಿ ಕಟ್ಟುವುದು ಸುಲಭ, ನಿಧಿಯಿಂದ ಹಣ ಹೊರಗೆ ತರುವುದು ಕಷ್ಟ. ಕಟ್ಟಡ ವೆಚ್ಚದ ಮೇಲೆ ಶೇ. 1 ಸೆಸ್ ಸಂಗ್ರಹಿಸಿ ಕಾರ್ಮಿಕರ ಕಲ್ಯಾಣಕ್ಕೆ ಬಳಸಬೇಕೆಂಬ ಕಾನೂನು 1996ರಿಂದ ಇದೆ. ಹೆರಿಗೆ ಸಹಾಯಧನವೂ ಅದರಲ್ಲಿ ಸೇರಿದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ತಾಯಿ ಲಕ್ಷ್ಮಿ ಬಾಂಡ್ ಎಂದು ಹೆಸರು. ಆದರೂ ದೇಶದಾದ್ಯಂತ ಆ ಸೆಸ್‌ನ ಸಾವಿರಾರು ಕೋಟಿ ರೂಪಾಯಿ ಬಳಕೆಯಾಗದೆ ಉಳಿದಿದ್ದನ್ನು ಸುಪ್ರೀಂ ಕೋರ್ಟ್ 2018ರ ತೀರ್ಪಿನಲ್ಲಿ ಬಹಳ ನೋವಿನಿಂದ ಪ್ರಸ್ತಾಪಿಸಿತು. ಹೊಸ ನಿಧಿಗೆ ಅದೇ ಗತಿ ಬರಬಾರದು.


ಉತ್ತರ 3 (ಶಿವಮೊಗ್ಗದಿಂದ)

ನಾನು ಅವಿವಾಹಿತ, ಮದುವೆಯಾಗುವ ಯೋಚನೆಯೂ ಇಲ್ಲ. ನನ್ನ ಸಂಬಳದಿಂದ ಬೇರೆಯವರ ಮಕ್ಕಳ ಹೆಸರಿನಲ್ಲಿ ಶೇ. 1 ಕಡಿತ ಮಾಡುವುದು ಹೇಗೆ ನ್ಯಾಯವಾಗುತ್ತದೆ ಎಂಬುದನ್ನು ಯಾರಾದರೂ ವಿವರಿಸಬೇಕು. ಮಕ್ಕಳನ್ನು ಪಡೆಯುವುದು ಅವರವರ ಆಯ್ಕೆ. ಜಗಳಕ್ಕೆ ಕೇಳುತ್ತಿಲ್ಲ, ಕಚೇರಿಯಲ್ಲಿ ಯಾರಾದರೂ ಹೆರಿಗೆ ರಜೆಗೆ ಹೋದಾಗ ಅವರ ಕೆಲಸವೂ ನನ್ನ ಮೇಜಿಗೇ ಬರುತ್ತದೆ, ಅದಕ್ಕಾಗಿ ಕೇಳುತ್ತಿದ್ದೇನೆ.


ಉತ್ತರ 4 (ದೊಡ್ಡಬಳ್ಳಾಪುರದಿಂದ, ಗಾರ್ಮೆಂಟ್ಸ್ ಕಾರ್ಮಿಕರು)

ಮೊದಲ ಉತ್ತರದಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಪ್ರಸ್ತಾಪ ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಹದಿಮೂರು ವರ್ಷ ಟೈಲರ್ ಆಗಿದ್ದವಳು, ಈಗ ಸಂಘದ ಕೆಲಸವನ್ನೂ ನೋಡಿಕೊಳ್ಳುತ್ತೇನೆ. ಇಎಸ್‌ಐ ಇದೆ ಎಂದಾಕ್ಷಣ ಎಲ್ಲವೂ ಸರಿಯಿದೆ ಎಂದು ಸರ್ ತಿಳಿಯಬಾರದು.

ನನ್ನ ಮೊದಲ ಹೆರಿಗೆಯಲ್ಲಿ ಹಣ ಸರಿಯಾಗಿ ಬಂತು. ಆಗ ಇದ್ದದ್ದು 12 ವಾರ. ಆದರೂ ಆ ಹಣ ನನ್ನ ಖಾತೆಗೆ ನೇರವಾಗಿ ಬಿದ್ದಾಗ, ಮನೆಯಲ್ಲಿ ಕೂತೂ ಸಂಪಾದಿಸುತ್ತಿದ್ದೇನೆ ಎಂಬ ಧೈರ್ಯ ನನಗಿತ್ತು, ತವರಿನಲ್ಲಿ ಅಮ್ಮನ ಕೈಗೆ ಒಂದಿಷ್ಟು ಕೊಡಲೂ ಆಯಿತು. ಎರಡನೆಯ ಹೆರಿಗೆಯ ಹೊತ್ತಿಗೆ ರಜೆ 26 ವಾರವಾಗಿತ್ತು, ಆದರೆ ನಾನು ಗುತ್ತಿಗೆದಾರರೊಬ್ಬರ ಕೈಕೆಳಗೆ ಇದ್ದೆ. ಪೇ ಸ್ಲಿಪ್‌ನಲ್ಲಿ ತಿಂಗಳು ತಿಂಗಳೂ ಇಎಸ್‌ಐ ಕಡಿತ ಕಾಣುತ್ತಿತ್ತು. ಅರ್ಜಿ ಹಾಕಿದಾಗ ದಾಖಲೆಯಲ್ಲಿ ನನ್ನ ಹೆಸರಿಗೆ ಇದ್ದದ್ದು 58 ದಿನದ ವಂತಿಗೆ ಮಾತ್ರ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನ ಇದ್ದರೆ ಮಾತ್ರ ಹೆರಿಗೆ ಹಣ ಸಿಗುತ್ತದೆ. ಉಳಿದ ತಿಂಗಳುಗಳ ಹಣವನ್ನು ಆತ ಕಡಿದುಕೊಂಡಿದ್ದರೂ ಕಟ್ಟಿರಲಿಲ್ಲ. ಕಾನೂನು ನನ್ನ ಪರವಾಗಿಯೇ ಇತ್ತು. ಕಟ್ಟದ ಮಾಲೀಕರಿಂದ ವಸೂಲಿ ಮಾಡುವ ಅಧಿಕಾರ ಇಎಸ್‌ಐಗೆ ಇದೆ. ಆದರೆ ವಸೂಲಿಗೆ ಹಿಡಿಯುವಷ್ಟು ಕಾಲ ಮಗುವಿನ ಹಾಲು ಕಾಯುವುದಿಲ್ಲ. ಹೆರಿಗೆಯಾದ ಎಪ್ಪತ್ತನೆಯ ದಿನ ಕೆಲಸಕ್ಕೆ ಹೋದೆ. ಊಟದ ಬಿಡುವಿನಲ್ಲಿ ಅತ್ತೆ ಮಗುವನ್ನು ಗೇಟಿನ ಹತ್ತಿರ ತರುತ್ತಿದ್ದರು. ಅರ್ಧ ಗಂಟೆಯಲ್ಲಿ ನಾನು ಉಣ್ಣಬೇಕು, ಮಗುವಿಗೂ ಉಣಿಸಬೇಕು. ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು ಕಾನೂನು ಇರುವುದು ನನಗೆ ತಿಳಿದದ್ದು ಸಂಘಕ್ಕೆ ಬಂದ ಮೇಲೆ.

ನಿಧಿಯ ಹಣ ಯಾರದು ಎಂಬ ಚರ್ಚೆ ಮುಖ್ಯವೇ. ಅದಕ್ಕಿಂತ ಮುಂಚೆ, ಆ ಹಣ ಯಾವ ತಿಂಗಳು ಕೈಗೆ ಬರುತ್ತದೆ ಎಂಬುದನ್ನು ಕೇಳಬೇಕು ಎಂಬುದು ನನ್ನ ಕೋರಿಕೆ. ಗರ್ಭಿಣಿಯಾದ ಪ್ರತಿಯೊಬ್ಬ ಹೆಣ್ಣುಮಗಳಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಾಯಿ ಕಾರ್ಡ್ ಕೊಡುತ್ತಾರೆ. ಆಶಾ ಕಾರ್ಯಕರ್ತೆಯರು ಮನೆಗೇ ಬಂದು ಹೆಸರು ಬರೆದುಕೊಳ್ಳುತ್ತಾರೆ. ಹೆರಿಗೆಯ ದಿನಾಂಕ ಸರ್ಕಾರಕ್ಕೆ ಆರು ತಿಂಗಳು ಮೊದಲೇ ಗೊತ್ತಿರುತ್ತದೆ. ಹೀಗಿರುವಾಗ ಆ ಕಾರ್ಡಿನ ಆಧಾರದ ಮೇಲೆಯೇ ಮೊದಲು ಹಣ ಕೊಟ್ಟು, ಮಾಲೀಕರು ವಂತಿಗೆ ಕಟ್ಟಿದ್ದಾರೋ ಇಲ್ಲವೋ ಎಂಬುದನ್ನು ಆಮೇಲೆ ಅವರಿಂದಲೇ ಕೇಳಿ ತಿಳಿದುಕೊಳ್ಳಲು ಏನು ಅಡ್ಡಿ? ಮಾಲೀಕರ ತಪ್ಪಿಗೆ ಬಾಣಂತಿ ಏಕೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು?

ಶಿವಮೊಗ್ಗದ ಸಹೋದರರಿಗೆ ಒಂದು ಮಾತು. ನಿಮ್ಮ ಮೇಜಿಗೆ ಹೆಚ್ಚುವರಿ ಕೆಲಸ ಬರುವುದು ನಿಜ, ನಮ್ಮ ಬ್ಯಾಚ್‌ನಲ್ಲೂ ಒಬ್ಬಳು ರಜೆ ಹೋದರೆ ಅವಳ ಟಾರ್ಗೆಟ್ ನಮ್ಮ ಮೇಲೆ ಬೀಳುತ್ತಿತ್ತು, ಆಗ ನಮಗೂ ಕೋಪ ಬರುತ್ತಿತ್ತು. ಅವಳ ಸಂಬಳ ನಿಧಿಯಿಂದ ಬರುವುದಾದರೆ ಮಾಲೀಕರ ಕೈಯಲ್ಲಿ ಅವಳ ಜಾಗಕ್ಕೆ ಒಬ್ಬರನ್ನು ತೆಗೆದುಕೊಳ್ಳುವಷ್ಟು ಹಣ ಉಳಿಯುತ್ತದೆ. ಆ ಒಬ್ಬರನ್ನು ತೆಗೆದುಕೊಳ್ಳಿ ಎಂದು ನಾವಿಬ್ಬರೂ ಸೇರಿ ಕೇಳಬಹುದು.


ಉತ್ತರ 5 (ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ)

ನಾನು ದಾವಣಗೆರೆಯವನು, ಇಲ್ಲಿಗೆ ಬಂದು ಎಂಟು ವರ್ಷವಾಯಿತು. ಇಬ್ಬರು ಮಕ್ಕಳಿಗೂ ರಜೆ ಪಡೆದವನಾದ್ದರಿಂದ, ಸಾರ್ವಜನಿಕ ನಿಧಿಯ ಪೋಷಕ ರಜೆ ಒಳಗಿನಿಂದ ಹೇಗಿರುತ್ತದೆ ಎಂಬುದನ್ನು ಹೇಳಬಹುದು.

ಸ್ವೀಡನ್ 1974ರಲ್ಲಿ ತಾಯಂದಿರ ರಜೆಯ ಬದಲಿಗೆ ತಂದೆತಾಯಿ ಇಬ್ಬರಿಗೂ ಸೇರಿದ ಪೋಷಕ ವಿಮೆಯನ್ನು ತಂದಿತು. ಈಗ ಒಂದು ಮಗುವಿಗೆ ಒಟ್ಟು 480 ದಿನ. ಅದರಲ್ಲಿ 390 ದಿನಕ್ಕೆ ಸಂಬಳದ ಶೇ. 80ರ ಆಸುಪಾಸು, ಒಂದು ಮಿತಿಯವರೆಗೆ. ಉಳಿದ 90 ದಿನಕ್ಕೆ ದಿನಕ್ಕೆ 180 ಕ್ರೋನರ್. ಹಣ ಕೊಡುವುದು ರಾಷ್ಟ್ರೀಯ ಸಾಮಾಜಿಕ ವಿಮಾ ಸಂಸ್ಥೆ. ಮಾಲೀಕರು ತಮ್ಮ ಎಲ್ಲ ನೌಕರರ ಸಂಬಳದ ಮೇಲೆ ಶೇ. 31.42ರಷ್ಟು ಸಾಮಾಜಿಕ ವಂತಿಗೆ ಕಟ್ಟುತ್ತಾರೆ. ಪಿಂಚಣಿ, ಕಾಯಿಲೆ ಎಲ್ಲವೂ ಅದರಲ್ಲಿ ಸೇರಿದೆ. ಪೋಷಕ ವಿಮೆಯ ಪಾಲು ಇತ್ತೀಚಿನ ವರ್ಷಗಳಲ್ಲಿ ಶೇ. 2ರಿಂದ 2.6ರ ನಡುವೆ ಇದೆ. ಹದಿನಾರು ತಿಂಗಳ ರಜೆಗೆ ಇಷ್ಟು ಎಂದಾದರೆ, ಬೆಂಗಳೂರಿನವರು ಆರು ತಿಂಗಳಿಗೆ ಹಾಕಿದ ಶೇ. 1ರ ಅಂದಾಜು ತೀರಾ ಗಾಳಿಯಲ್ಲಿ ಕಟ್ಟಿದ್ದಲ್ಲ ಎಂದು ನನಗನ್ನಿಸುತ್ತದೆ.

ಮೈಸೂರಿನ ಮೇಡಂ ಅವರ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಮಗು ಬರಲಿದೆ ಎಂದು ನಾನು ತಿಳಿಸಿದಾಗ ನಮ್ಮ ಮ್ಯಾನೇಜರ್ ಕೇಳಿದ್ದು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಮಾತ್ರ. ನನ್ನ ಸಂಬಳ ಉಳಿಯುವುದರಿಂದ ಆ ಅವಧಿಗೆ ಬೇರೊಬ್ಬರನ್ನು ತೆಗೆದುಕೊಂಡರು. ಹಣದ ಮಾತೇ ಅಲ್ಲಿ ಏಳಲಿಲ್ಲ.

ಆದರೆ ಹಣದಿಂದಷ್ಟೇ ಎಲ್ಲವೂ ಸಮವಾಗುವುದಿಲ್ಲ ಎಂಬುದನ್ನೂ ಹೇಳಲೇಬೇಕು. 1974ರಿಂದಲೂ ಅಪ್ಪಂದಿರು ರಜೆ ಪಡೆಯಬಹುದಿತ್ತು, ಬಹುಪಾಲು ಪಡೆಯುತ್ತಿರಲಿಲ್ಲ. ತಮ್ಮ ದಿನಗಳನ್ನು ತಾಯಿಗೆ ಬರೆದುಕೊಡುತ್ತಿದ್ದರು. 1995ರಲ್ಲಿ ಒಂದು ತಿಂಗಳನ್ನು ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಡಲಾಗದಂತೆ ಮೀಸಲಿಟ್ಟರು, 2002ರಲ್ಲಿ ಎರಡನೆಯ ತಿಂಗಳು, 2016ರಲ್ಲಿ ಮೂರನೆಯದು. ಈಗ ಮೀಸಲಾದ 90 ದಿನಗಳನ್ನು ಅಪ್ಪ ಬಳಸದಿದ್ದರೆ ಅವು ಕಳೆದೇ ಹೋಗುತ್ತವೆ. ಇಷ್ಟಾದರೂ ಇಂದು ಅಪ್ಪಂದಿರು ಪಡೆಯುವುದು ಒಟ್ಟು ದಿನಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ನಮ್ಮಲ್ಲಿ ಖಾಸಗಿ ವಲಯದ ಅಪ್ಪಂದಿರಿಗೆ ಕಾನೂನಿನ ಪ್ರಕಾರ ಒಂದು ದಿನವೂ ಇಲ್ಲ. 2017ರಲ್ಲಿ ಸಂಸದ ರಾಜೀವ್ ಸಾತವ್ ಅವರು ತಂದ ಪಿತೃತ್ವ ಸೌಲಭ್ಯದ ಖಾಸಗಿ ಮಸೂದೆ ಕಾಯ್ದೆಯಾಗಲಿಲ್ಲ. ನಿಧಿ ತಾಯಂದಿರಿಗೆ ಮಾತ್ರ ಎಂದಾದರೆ ಸಂಬಳದ ಹೊರೆ ಮಾಲೀಕರ ತಲೆಯಿಂದ ಇಳಿಯುತ್ತದೆ, ಆದರೆ ‘ಈ ಹುಡುಗಿ ಆರು ತಿಂಗಳು ಕೆಲಸಕ್ಕೆ ಇರುವುದಿಲ್ಲ’ ಎಂಬ ಎಣಿಕೆ ಹಾಗೆಯೇ ಉಳಿಯುತ್ತದೆ. ಹುಡುಗನೂ ಒಂದಷ್ಟು ದಿನ ಇರುವುದಿಲ್ಲ ಎಂದು ಮಾಲೀಕರಿಗೆ ಗೊತ್ತಾದಾಗ ಮಾತ್ರ ಆ ಎಣಿಕೆ ಸಡಿಲವಾಗುತ್ತದೆ. ಅದಕ್ಕೇ ಅಪ್ಪಂದಿರ ಪಾಲು ಬೇಕು, ಅದನ್ನು ಬಿಟ್ಟುಕೊಡುವಂತಿರಬಾರದು.

ಧಾರವಾಡದ ಹಿರಿಯರ ಮಾತಿಗೂ ಇಲ್ಲೊಂದು ಉದಾಹರಣೆ ಇದೆ. ಸಂಪಾದನೆಯೇ ಇಲ್ಲದ ತಂದೆತಾಯಿಗೂ ಇಲ್ಲಿ ದಿನಕ್ಕೆ 250 ಕ್ರೋನರ್ ಎಂಬ ಕನಿಷ್ಠ ಮೊತ್ತ ಸಿಗುತ್ತದೆ. ಒಂದೇ ವ್ಯವಸ್ಥೆಯೊಳಗೆ ಕೆಳಗೆ ಒಂದು ನೆಲ, ಮೇಲೆ ಒಂದು ಮಿತಿ, ಎರಡೂ ಬೇಕು.

ವಿಷಯಕ್ಕೆ ಹೊಂದಿಕೊಂಡಿರುವುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. 2024ರ ಜುಲೈನಿಂದ ಇಲ್ಲಿ ತಂದೆತಾಯಿ ತಲಾ 45 ದಿನಗಳವರೆಗೆ ಅಜ್ಜ ಅಜ್ಜಿಗೋ ಬೇರೆಯವರಿಗೋ ವರ್ಗಾಯಿಸಬಹುದು. ಇಲ್ಲಿನ ಸಾಮಾಜಿಕ ವಿಮೆಗೆ ಒಳಪಟ್ಟವರಿಗೆ ಮಾತ್ರ. ನಮ್ಮ ಮನೆಯಲ್ಲಿ ಎರಡು ಬಾಣಂತನವನ್ನೂ ಮಾಡಿದವರು ದಾವಣಗೆರೆಯಿಂದ ಬಂದ ನನ್ನ ಅತ್ತೆ. ಎಣ್ಣೆನೀರು, ಸಾಂಬ್ರಾಣಿ, ಕೊಬ್ಬರಿ ಅಂಟಿನುಂಡೆ ಎಲ್ಲವೂ ಅವರಿಂದಲೇ ನಡೆಯಿತು. ನಮ್ಮ ನಾಡಿನಲ್ಲಿ ಇಂಥ ನಿಧಿ ಆಗುವುದಾದರೆ, ಮಗಳ ಬಾಣಂತನಕ್ಕೆಂದು ಕೂಲಿ ಬಿಟ್ಟು ಮನೆಯಲ್ಲಿ ನಿಲ್ಲುವ ತಾಯಿಯ ದಿನಗಳನ್ನೂ ಯಾರಾದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿ ಎಂಬುದು ನನ್ನ ಆಸೆ.


ಉತ್ತರ 6 (ಬೆಂಗಳೂರಿನಿಂದ, ಮೊದಲು ಉತ್ತರಿಸಿದವರು)

ದೊಡ್ಡಬಳ್ಳಾಪುರದ ಸಹೋದರಿಯ ಮಾತು ಓದಿದ ಮೇಲೆ ನನ್ನ ಮೊದಲ ಉತ್ತರವನ್ನು ತಿದ್ದಿಕೊಳ್ಳಬೇಕಾಗಿದೆ. ‘ಇಎಸ್‌ಐಯನ್ನು ವಿಸ್ತರಿಸಿದರೆ ಸಾಕು’ ಎಂದು ಬರೆದದ್ದು ಸಾಲದು. ಅರ್ಹತೆಯ ದಿನಗಳನ್ನು ಸಾಬೀತುಪಡಿಸುವ ಭಾರ ತಾಯಿಯ ಮೇಲೆ ಇರಬಾರದು. ಮೊದಲು ಪಾವತಿ, ಆಮೇಲೆ ಮಾಲೀಕರಿಂದ ವಸೂಲಿ ಎಂಬ ಅವರ ಸಲಹೆ ಕಾನೂನಿನ ದೃಷ್ಟಿಯಿಂದಲೂ ಸರಿಯಾಗಿದೆ. ದಿನಗೂಲಿ ಮಹಿಳೆಯರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲಿ ದೆಹಲಿ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಹೇಳಿತು. ಗುತ್ತಿಗೆ ಅವಧಿ ಮುಗಿದರೂ ಸೌಲಭ್ಯ ನಿಲ್ಲಬಾರದೆಂದು 2023ರಲ್ಲಿ ಡಾ. ಕವಿತಾ ಯಾದವ್ ಪ್ರಕರಣದಲ್ಲಿ ಹೇಳಿತು. ತೀರ್ಪುಗಳು ದಾರಿ ತೋರಿಸಿವೆ, ಪಾವತಿಯ ವ್ಯವಸ್ಥೆ ಆ ದಾರಿಯಲ್ಲಿ ಇನ್ನೂ ನಡೆದಿಲ್ಲ.

ಅಸಂಘಟಿತರಿಗೆ ಹಣ ಎಲ್ಲಿಂದ ಎಂಬುದಕ್ಕೆ ಕರ್ನಾಟಕವೇ 2025ರಲ್ಲಿ ಒಂದು ಮಾದರಿ ಹಾಕಿಕೊಟ್ಟಿದೆ. ಗಿಗ್ (ಆ್ಯಪ್ ಆಧಾರಿತ) ಕಾರ್ಮಿಕರ ಕಾಯ್ದೆಯಡಿ ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಪಾವತಿಸುವ ಮೊತ್ತದ ಮೇಲೆ ಶೇ. 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟಬೇಕು. ಮಾಲೀಕರು ಯಾರೆಂದು ಬೆರಳಿಟ್ಟು ತೋರಿಸಲಾಗದ ಕಡೆಯೂ ವಹಿವಾಟಿನ ಮೇಲೆ ವಂತಿಗೆ ಹಾಕಬಹುದು ಎಂಬುದು ಅದರ ತಿರುಳು. ಆದರೆ ಮೆಣಸಿನಕಾಯಿ ಬಿಡಿಸುವವಳಿಗೆ ಅದೂ ಅನ್ವಯಿಸುವುದಿಲ್ಲ. ಅಲ್ಲಿ ತೆರಿಗೆಯ ಹಣವೇ ಬೇಕು ಎಂಬ ಧಾರವಾಡದವರ ವಾದವನ್ನು ಒಪ್ಪುತ್ತೇನೆ.

ಶಿವಮೊಗ್ಗದವರ ಪ್ರಶ್ನೆಗೆ: ಇಎಸ್‌ಐ ಕಟ್ಟುವ ಎಲ್ಲರೂ ಯಂತ್ರಕ್ಕೆ ಕೈ ಕೊಟ್ಟು ಗಾಯ ಮಾಡಿಕೊಳ್ಳುವುದಿಲ್ಲ, ಆದರೂ ಎಲ್ಲರೂ ಕಟ್ಟುತ್ತೇವೆ. ಅದಕ್ಕೂ ಮಿಗಿಲಾಗಿ, ನೀವು ಎಪ್ಪತ್ತು ವರ್ಷದವರಾದಾಗ ನಿಮಗೆ ಚಿಕಿತ್ಸೆ ನೀಡುವ ನರ್ಸ್, ನಿಮ್ಮ ಪಿಂಚಣಿಯ ಹಿಂದಿರುವ ದುಡಿಮೆ, ನಿಮ್ಮ ಬೀದಿಯ ಬಸ್ಸಿನ ಚಾಲಕ, ಎಲ್ಲರೂ ಇಂದು ಯಾರೋ ಹೆತ್ತು ಸಾಕುತ್ತಿರುವ ಮಕ್ಕಳೇ. ಮಕ್ಕಳನ್ನು ಪಡೆಯುವುದು ಆಯ್ಕೆ ಎಂಬುದು ನಿಜ. ಆ ಆಯ್ಕೆಯ ಫಲವನ್ನು ಆಯ್ಕೆ ಮಾಡದವರೂ ಪಡೆಯುತ್ತಾರೆ ಎಂಬುದೂ ಅಷ್ಟೇ ನಿಜ.


ಪ್ರಶ್ನೆ ಕೇಳಿದವರಿಂದ (ಮೈಸೂರು)

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ನನ್ನ ನಮಸ್ಕಾರ. ನನ್ನ ಐದು ಲಕ್ಷದ ಲೆಕ್ಕದಿಂದ ಹೊರಟು ಧಾರವಾಡದವರ ಹದಿಮೂರೂವರೆ ದಿನದ ಕೂಲಿಗೆ ಬಂದು ನಿಂತಾಗ ನನಗೆ ಮಾತೇ ಹೊರಡಲಿಲ್ಲ. ನಾನು ಕೇಳಿದ್ದು ನನ್ನಂಥವರ ಹೊರೆಯ ಬಗ್ಗೆ. ಉತ್ತರ ಬಂದದ್ದು ನನಗಿಂತ ಬಹಳ ಕೆಳಗಿನ ಮೆಟ್ಟಿಲಿನಿಂದ.

ನಮ್ಮ ಸಣ್ಣ ಉದ್ಯಮಿಗಳ ಸಂಘದ ಸಭೆ ಮುಂದಿನ ತಿಂಗಳು ಇದೆ. ಅಲ್ಲಿ ಒಂದು ಮನವಿಯನ್ನು ಮುಂದಿಡಬೇಕೆಂದು ತೀರ್ಮಾನಿಸಿದ್ದೇನೆ. 21,000 ರೂಪಾಯಿಗಿಂತ ಹೆಚ್ಚು ಸಂಬಳದವರಿಗೂ ಹೆರಿಗೆ ವೇತನಕ್ಕೆ ಮಾತ್ರ ಒಂದು ವಂತಿಗೆ ನಿಧಿ ಇರಲಿ, ಅದಕ್ಕೆ ನಾವು ಮಾಲೀಕರು ಗಂಡು ಹೆಣ್ಣು ಎನ್ನದೆ ಎಲ್ಲ ನೌಕರರ ಲೆಕ್ಕದಲ್ಲಿ ಕಟ್ಟುತ್ತೇವೆ, ಅಪ್ಪಂದಿರಿಗೆ ಬಿಟ್ಟುಕೊಡಲಾಗದ ನಾಲ್ಕು ವಾರ ಇರಲಿ, ತಾಯಿ ಕಾರ್ಡಿನ ಆಧಾರದ ಮೇಲೆ ಹಣ ಮೊದಲು ಪಾವತಿಯಾಗಲಿ ಎಂದು ಬರೆಯುತ್ತಿದ್ದೇನೆ. ಸರ್ಕಾರದ ಹಣವನ್ನು ನಮಗಾಗಿ ಕೇಳುವುದನ್ನು ಕೈಬಿಟ್ಟಿದ್ದೇನೆ. ಆ ಹಣ ಮಾತೃವಂದನೆಯ ಐದು ಸಾವಿರವನ್ನು ನರೇಗಾ ಕೂಲಿಯ ಕೆಲವು ವಾರಗಳಿಗೆ ಏರಿಸಲು ಹೋಗಲಿ ಎಂಬ ಸಾಲನ್ನು ಮನವಿಯ ಮೊದಲಿಗೇ ಇಟ್ಟಿದ್ದೇನೆ. ಎಷ್ಟು ವಾರ ಎಂಬಲ್ಲಿ ಮಾತ್ರ ಕೈ ನಿಂತಿದೆ. ಹನ್ನೆರಡು ವಾರ ಎಂದು ಬರೆದರೆ ವಾರಕ್ಕೆ ಆರು ದಿನದಂತೆ, 370 ರೂಪಾಯಿಯ ಲೆಕ್ಕದಲ್ಲಿ, ಒಬ್ಬ ತಾಯಿಗೆ 26,640 ರೂಪಾಯಿ ಆಗುತ್ತದೆ. ನಮ್ಮ ಸಂಘದ ಕೆಲವರು ಇದು ಅತಿಯಾಯಿತು ಎನ್ನಬಹುದು, ನನಗಂತೂ ಹಾಗನ್ನಿಸುತ್ತಿಲ್ಲ.

ಕರಡನ್ನು ಶುಕ್ರವಾರದೊಳಗೆ ಇಲ್ಲಿಯೇ ಹಾಕುತ್ತೇನೆ. ಧಾರವಾಡದ ಹಿರಿಯರು ಲೆಕ್ಕದ ಭಾಗವನ್ನೂ, ದೊಡ್ಡಬಳ್ಳಾಪುರದ ಸಹೋದರಿ ಪಾವತಿಯ ಭಾಗವನ್ನೂ ಓದಿ ತಿದ್ದಿಕೊಡಬೇಕಾಗಿ ಕೋರುತ್ತೇನೆ.